ಹೆಸರು ಬಾಕಿ

ಏಳು ಕೆರೆ ದಾಟಿ, ಎಂಟನೆಯ ಕೆರೆಯ ದಂಡೆಗೆ ಒಂದು ಊರಿತ್ತಂತೆ. ಆ ಊರಿನ ಅರಸನ ರಾಣಿ ಸತ್ತುಹೋದಳಂತೆ. ಅರಸ ಅತ್ತು ಅತ್ತು ಕಣ್ಣು ಬಾತು, ಕಡೆಗೆ ಒಬ್ಬ ಜಾಣನನ್ನು ಕರೆಸಿ, ‘ನನ್ನ ರಾಣಿಯನ್ನು ಕನ್ನಡಿಯೊಳಗೆ ಇಟ್ಟುಕೊಡು’ ಅಂದನಂತೆ. ಸತ್ತ ರಾಣಿಯನ್ನು ಜಾಣನಾದರೂ ಎಲ್ಲಿಂದ ತಂದಾನು? ಕೆರೆಗೆ ನೀರಿಗೆ ಬಂದಿದ್ದ ಒಬ್ಬ ಹುಡುಗಿಯನ್ನು ಹಿಡಿದು ಕನ್ನಡಿಯೊಳಗೆ ಕೂರಿಸಿದ. ಅರಸ ನೋಡಿ ‘ರಾಣೀ’ ಅಂದ. ಮಂದಿಯೆಲ್ಲ ‘ರಾಣೀ’ ಅಂದರು. ಹುಡುಗಿ ಒಳಗಿನಿಂದ ಗಾಜು ಬಡಿದು, ‘ನಾನು ರಾಣಿಯಲ್ಲ, ನನ್ನ ಕೊಡ ಹೊರಗೆ ದಂಡೆಯ ಮೇಲಿದೆ’ ಅಂದಳು. ಗಾಜಿನ ಆಚೆ ಯಾರಿಗೂ ಕೇಳಲಿಲ್ಲ.

“ಆಮ್ಯಾಲ, ಅಜ್ಜಿ?”

“ಆಮ್ಯಾಲ ಏನಿಲ್ಲ. ಇನ್ನೂ ಅಲ್ಲೇ ಅದಾಳ.”

ಅಜ್ಜಿಯ ಬೇರೆ ಕತೆಗಳಲ್ಲಿ ಹಾವಿನ ಪೊರೆ ಸುಟ್ಟ ಮೇಲೆ ರಾಜಕುಮಾರ ಎದ್ದು ನಿಲ್ಲುತ್ತಿದ್ದ, ಏಳು ಅಣ್ಣಂದಿರ ತಂಗಿ ತವರಿಗೆ ಬರುತ್ತಿದ್ದಳು. ಈ ಒಂದು ಕತೆಗೆ ಮಾತ್ರ ತುದಿ ಇರಲಿಲ್ಲ. ಸಣ್ಣವಳಿದ್ದಾಗ ನಾನು ಅಳುತ್ತಿದ್ದೆ, ‘ಹೊರಗ ಕರಿ ಆಕೀನ’ ಎಂದು. ಅಜ್ಜಿ ನನ್ನ ಬೆನ್ನು ತಟ್ಟುತ್ತ ಗೋಡೆಯ ಕಡೆ ನೋಡುತ್ತಿದ್ದಳು.

ಆ ಗೋಡೆಯ ಮೇಲೆ ಪಟ ಇತ್ತು.

ನಮ್ಮ ಮನೆ ಹಳಿಯಾಳದಲ್ಲಿ, ದಾಂಡೇಲಿ ರಸ್ತೆಗೆ ಮುಖ ಮಾಡಿದ್ದು. ಪಡಸಾಲೆಯ ತುಂಬ ಅಪ್ಪನ ಅಕ್ಕಿ ಚೀಲಗಳು, ನಡುಮನೆಯಲ್ಲಿ ದೇವರ ಜಗಲಿ, ಅದರ ಮೇಲೆ ಎಣ್ಣೆಬಣ್ಣದ ಪಟ. ಕಂದು ಇಳಕಲ್ ಸೀರೆಯ ಹೆಣ್ಣುಮಗಳು ನೇರ ನಮ್ಮನ್ನೇ ನೋಡುತ್ತ ಕೂತಿದ್ದಾಳೆ. ಕೊರಳಿನಿಂದ ಮಡಿಲಿನವರೆಗೆ ಗಂಧದ ಚಕ್ಕೆಯ ದಪ್ಪ ಹಾರ. ಕೆಳಗೆ ಬಿಳಿ ಅಕ್ಷರದಲ್ಲಿ ‘ಸೌ. ಗುರುಬಸವ್ವ, 1922.’

ಗುರುಬಸವ್ವ ತೀರಿಹೋದ ನನ್ನ ಅಜ್ಜ ಶಿವಲಿಂಗಪ್ಪನ ಮೊದಲ ಹೆಂಡತಿ, ನಮ್ಮಪ್ಪ ಚನಬಸಪ್ಪನನ್ನು ಹೆತ್ತವಳು. ಅಪ್ಪ ಎಂಟು ತಿಂಗಳ ಕೂಸಾಗಿದ್ದಾಗ ಪ್ಲೇಗಿನಲ್ಲಿ ಹೋದಳು. ನಾನು ಅಜ್ಜಿ ಎನ್ನುವ ಹೊಳೆವ್ವ ಆಮೇಲೆ ಬಂದವಳು. ಅವಳಿಗೆ ಮಕ್ಕಳಾಗಲಿಲ್ಲ. ಅಪ್ಪನನ್ನು ಸಾಕಿದಳು, ಅಪ್ಪನ ಮಕ್ಕಳಾದ ಅಕ್ಕನನ್ನೂ ನನ್ನನ್ನೂ ಸಾಕಿದಳು.

ಎರಡನೆಯವಳಾಗಿ ಬಂದವಳಿಗೆ ನಮ್ಮ ಮನೆಯಲ್ಲಿ ಒಂದು ಕಟ್ಟಳೆ ಇತ್ತು. ಹೊಸ ಸೀರೆ ಬಂದರೆ ಮೊದಲು ಸವತಿಯ ಪಟದ ಮುಂದೆ ಮಡಿಕೆ ಬಿಚ್ಚಿ ಇಟ್ಟು, ‘ನೀ ಉಟ್ಟ ಮ್ಯಾಲ ನಾ ಉಡತೇನಿ’ ಎನ್ನಬೇಕು. ಹಬ್ಬದ ಹೋಳಿಗೆಯ ಮೊದಲ ತುಂಡು ಆಕೆಗೆ. ಸೋಮವಾರ ಪಟದ ಹಣೆಗೆ ವಿಭೂತಿ ಹಚ್ಚಿ ಆಮೇಲೆ ತನ್ನ ಹಣೆಗೆ. ಅಜ್ಜಿ ನಲವತ್ತೆರಡು ವರ್ಷ ಇದನ್ನು ತಪ್ಪಿಸಿರಲಿಲ್ಲ. ಅಪ್ಪ ದಿನಾ ಬೆಳಿಗ್ಗೆ ಅಂಗಡಿಗೆ ಹೊರಡುವಾಗ ಪಟಕ್ಕೆ ಕೈ ಮುಗಿದು, “ಅವ್ವಾ, ಬರ್ತೇನಿ” ಎನ್ನುತ್ತಿದ್ದ. ಆಮೇಲೆ ಮೂಲೆಯಲ್ಲಿ ಅಕ್ಕಿ ಆರಿಸುತ್ತ ಕೂತ ಅಜ್ಜಿಗೆ, “ಚಿಗವ್ವ, ಎಲಿ ಅಡಿಕಿ ಏನರ ತರಬೇಕೇನು?”

ಗುರುಬಸವ್ವನ ವರ್ಷದ ಪೂಜೆ ಮಾಡಿಸಲು ಬರುತ್ತಿದ್ದ ಜಂಗಮರು ಬಸಲಿಂಗಯ್ಯನವರು ಪಟವನ್ನೂ ಅಜ್ಜಿಯನ್ನೂ ನೋಡಿ ಪ್ರತಿಸಲ ಒಂದೇ ಮಾತು ಹೇಳುತ್ತಿದ್ದರು: “ನೋಡು ಚನಬಸಪ್ಪ, ಸವತಿ ಸೇವಾ ಮಾಡಿ ಮಾಡಿ ಹೊಳೆವ್ವಗ ಆಕೀ ರೂಪನ ಬಂದುಬಿಟ್ಟೈತಿ. ಮೂಗ ನೋಡು, ಗದ್ದ ನೋಡು!”

“ಪುಣ್ಯೇವ್ರಿ,” ಎನ್ನುತ್ತಿದ್ದ ಅಪ್ಪ.

ಅಜ್ಜಿ ಸೆರಗು ಎಳೆದುಕೊಂಡು ಅಡುಗೆಮನೆಗೆ ಹೋಗುತ್ತಿದ್ದಳು.

ನಾನು, ತಾಯವ್ವ, ಏಳನೆಯ ಇಯತ್ತೆಯ ಮುಲ್ಕಿ ಪರೀಕ್ಷೆ ಪಾಸಾದ ಮೇಲೆ ಮನೆಯಲ್ಲೇ ಇದ್ದೆ. ಬಾವಿಯಿಂದ ಆಚೆ ಒಬ್ಬಳೇ ಹೋಗುವಂತಿರಲಿಲ್ಲ. ಪಡಸಾಲೆಯ ಕಿಟಕಿಗೆ ಏಳು ಸರಳು. ಅವುಗಳ ನಡುವಿನಿಂದ ದಾಂಡೇಲಿಯ ಕಟ್ಟಿಗೆ ಲಾರಿಗಳು ಹೋಗುವುದನ್ನು ನೋಡುತ್ತಿದ್ದೆ. ಸಾಗವಾನಿ ದಿಮ್ಮಿಗಳ ತುದಿಗೆ ಬಿಳಿ ಅಂಕಿಗಳು. ಈ ಅಂಕಿಗಳು ಯಾವ ಊರು ನೋಡುತ್ತವೋ ಎಂದು ಯೋಚಿಸುತ್ತ ಕೂತರೆ ಅನ್ನ ಸೀಯುತ್ತಿತ್ತು. ಹಿಂದಿನ ವರ್ಷ ಗಂಡಿನ ಕಡೆಯವರಿಗೆ ತೋರಿಸುವುದಕ್ಕೆಂದು ನನ್ನದು ಅಪ್ಪ ಒಂದು ಫೋಟೋ ತೆಗೆಸಿದ್ದ. ಅಕ್ಕನ ಸೀರೆ, ಅವ್ವನ ಕೊರಳ ಟೀಕಿ, ಓಣಿಯವರ ಬಿಲ್ವಾರದ ಬಳೆ. ಆ ಫೋಟೋ ಮುಂಡಗೋಡದವರೆಗೆ ತಿರುಗಾಡಿ ಬಂದಿತ್ತು. ನಾನು ಪಕ್ಕದ ಸಾಂಬ್ರಾಣಿ ಊರನ್ನೂ ನೋಡಿರಲಿಲ್ಲ.

ಆ ವರ್ಷ ಶ್ರಾವಣದಲ್ಲಿ ಅಜ್ಜಿ ಹಾಸಿಗೆ ಹಿಡಿದಳು. ಎದೆಯಲ್ಲಿ ನೀರು ತುಂಬಿದೆ ಎಂದರು ಡಾಕ್ಟರು. ಪೂಜೆ ಹತ್ತಿರ ಬಂದಿತ್ತು, ಅವ್ವನಿಗೆ ಅಜ್ಜಿಯ ಸೇವೆಯೇ ಕೈತುಂಬ. ಹೀಗಾಗಿ ಪಟ ಒರೆಸುವ ಕೆಲಸ ಮೊದಲ ಸಲ ನನ್ನ ಪಾಲಿಗೆ ಬಂತು.

ಮಣೆ ಹತ್ತಿ ಪಟ ಇಳಿಸಿದೆ. ಧೂಳು ಝಾಡಿಸಲು ಹಾರ ತೆಗೆದೆ. ಆ ಹಾರ ತೆಗೆದದ್ದನ್ನು ನಾನು ಹುಟ್ಟಿದಾಗಿನಿಂದ ನೋಡಿರಲಿಲ್ಲ. ಹೊಸದು ತಂದರೆ ಹಳೆಯದರ ಮೇಲೆಯೇ ಹಾಕುತ್ತಿದ್ದರು. ಹಾರದ ಕೆಳಗೆ ಮಡಿಲಲ್ಲಿ ಎರಡು ಕೈಗಳಿದ್ದವು. ಎಡಗೈಯ ಮಣಿಕಟ್ಟಿನ ಮೇಲೆ, ಬಳೆಗಳ ಹಿಂದೆ, ಅರ್ಧ ಚಂದ್ರನಂಥ ಒಂದು ಸುಟ್ಟ ಕಲೆ.

ಆ ಕಲೆ ನನಗೆ ಗೊತ್ತಿತ್ತು. ಆ ಕೈಯೇ ನನಗೆ ತುತ್ತು ಮಾಡಿ ಉಣ್ಣಿಸಿತ್ತು. ತವರಿನಲ್ಲಿ ಹತ್ತು ವರ್ಷದವಳಿದ್ದಾಗ ರೊಟ್ಟಿಯ ಹಂಚು ತಗುಲಿದ್ದು ಎಂದು ಅಜ್ಜಿ ಹೇಳಿದ್ದಳು.

ಪಟ ಕೈಯಿಂದ ಜಾರುವಂತಾಗಿ ತಿರುಗಿಸಿ ಹಿಡಿದೆ. ಹಿಂದಿನ ಹಲಗೆಯ ಮೇಲೆ ಬಿಳಿ ಬಣ್ಣದಲ್ಲಿ ಒಂದು ಸಾಲು: ‘ದ್ಯಾಮಪ್ಪ, 1922. ಹೆಸರು ಬಾಕಿ.’

ಅಜ್ಜಿಯ ಹಾಸಿಗೆಯ ಹತ್ತಿರ ಹೋಗಿ ಕೂತೆ. ಅವಳ ಬೆಳ್ಳಿ ಕಡಗ ಮೇಲೆ ಸರಿಸಿ ಆ ಕಲೆಯ ಮೇಲೆ ಬೆರಳಿಟ್ಟೆ.

“ಹಾರ ತಗದೀ,” ಅಂದಳು ಅಜ್ಜಿ.

“ಅದು ನೀನ ಅಲ್ಲೇನು ಅಜ್ಜಿ?”

“ನಾನ. ಗುರುಬಸವ್ವಂದು ಒಂದೂ ಫೋಟೋ ಇರಲಿಲ್ಲ. ನಿಮ್ಮ ಅಜ್ಜಗ ಆಕೀ ಪಟ ಬೇಕಾತು. ಚಿತ್ರಗಾರ, ‘ನೋಡದ ಹೆಂಗ ಬರೀಲಿ’ ಅಂದ. ನಮ್ಮ ಅತ್ತಿ, ‘ಇಕಿ ಅದ ಬಳಗದಾಕಿ, ಅದ ಅಚ್ಚು. ಇಕೀನ್ನ ಕೂಡ್ಸು’ ಅಂದ್ಲು. ನಂಗ ಹದಿನಾಕು. ಮದುವಿ ಆಗಿ ಒಂದು ತಿಂಗಳಾಗಿರಲಿಲ್ಲ.”

ಹನ್ನೊಂದು ದಿನ ಅವಳಿಗೆ ಸತ್ತವಳ ಸೀರೆ ಉಡಿಸಿ, ಸತ್ತವಳ ಸರ ಹಾಕಿ ನಡುಮನೆಯಲ್ಲಿ ಕೂರಿಸಿದ್ದರಂತೆ. ಮಾತಾಡುವಂತಿಲ್ಲ, ಅಲುಗಾಡುವಂತಿಲ್ಲ. ಅತ್ತೆ ಕೂಸನ್ನು ಮಡಿಲಲ್ಲಿಟ್ಟುಕೊಂಡು ಬಾಗಿಲಿಗೆ ಅಡ್ಡ ಕೂತಿರುತ್ತಿದ್ದಳಂತೆ. ಕಡೆಯ ದಿನ ಕೂಸು ಅತ್ತು, ಅತ್ತೆ ಹಾಲು ತರಲು ಒಳಗೆ ಹೋದಾಗ ಅಜ್ಜಿ ಬಾಯಿ ಬಿಟ್ಟಿದ್ದಳು.

“‘ಇದರಾಗ ನನ್ನ ಹೆಸರು ಬರೀತೀರೇನ್ರಿ’ ಅಂತ ಕೇಳಿದೆ. ಅಂವ ಆಗ ಹುಡುಗ, ಇಪ್ಪತ್ತೂ ಇರಲಿಕ್ಕಿಲ್ಲ. ಪಟ ತಿರುವಿ ಹಿಂದ ಏನೋ ಬರದು ಓದಿ ಹೇಳಿದ, ‘ಹೆಸರು ಬಾಕಿ’ ಅಂತ. ‘ಒಂದಿನ ಬಂದು ಪಟದ ಮುಂದ ಬರೀತೇನವ್ವ’ ಅಂದ. ಬರಲಿಲ್ಲ.”

“ಅಪ್ಪಗ ಯಾಕ ಹೇಳಲಿಲ್ಲ ಅಜ್ಜಿ?”

“ಚನಬಸು ಮೊದಲ ಸಲ ‘ಅವ್ವ’ ಅಂದದ್ದು ಆ ಪಟಕ್ಕ. ನಿಮ್ಮಜ್ಜ ಎತ್ತಿಕೊಂಡು ತೋರಿಸಿ ಅನಸ್ತಿದ್ದ. ನಾ ಬಾಜೂಕ ನಿಂತಿದ್ದೆ.” ಅವಳ ಉಸಿರು ಸಿಕ್ಕಿಕೊಂಡಿತು. “ಕೂಸಿಗೆ ಒಂದು ಮುಖ ಸಿಕ್ಕಿತ್ತು. ಹೆಂಗ ಕಸ್ಗೋಲಿ? ನನ್ನ ಮುಂದ ನಾನ ಹೋಳಿಗಿ ಇಟ್ಟೆ. ನನ್ನ ಹಣಿಗೆ ನಾನ ವಿಭೂತಿ ಹಚ್ಚಿದೆ. ಹಾರ ಹಾಕಿದ್ದೂ ನಂಗ ಅಲ್ಲೇನು? ಹದಿನಾಕು ವರ್ಷಕ್ಕ ಸತ್ತಾಕಿ ನಾ.”

ಆಮೇಲೆ ನನ್ನ ಕೈ ಹಿಡಿದಳು. ಆ ಸಣ್ಣ ಕೈಯಲ್ಲಿ ಅಷ್ಟು ಬಿಗಿ ಇದೆಯೆಂದು ನನಗೆ ಗೊತ್ತಿರಲಿಲ್ಲ. “ತಾಯಿ, ನನ್ನ ಹೆಸರು ಬರಸು. ಸತ್ತ ಮ್ಯಾಲ ಬರಸಿದ್ರ ಅದೂ ಸತ್ತಾಕಿ ಹೆಸರ ಆಗತೈತಿ. ನಾ ಇದ್ದಾಗ ಬರಸು. ಅವನ ಕೈಲೆ.”

“ಬರಸ್ತೇನಿ,” ಅಂದೆ.

ಅಂದದ್ದೇನೋ ಅಂದೆ. ಬಾವಿಯಿಂದ ಆಚೆ ಹೋಗದವಳು ನಲವತ್ತೆರಡು ವರ್ಷದ ಹಿಂದೆ ಹೋದವನನ್ನು ಎಲ್ಲಿ ಹುಡುಕಲಿ? ಎರಡು ದಿನ ಕಿಟಕಿಯ ಸರಳು ಹಿಡಿದು ನಿಂತೆ. ಮೂರನೆಯ ದಿನ ಒಂದು ಲಾರಿ ಹಳ್ಳ ಬಿದ್ದ ರಸ್ತೆಯಲ್ಲಿ ನಿಧಾನಕ್ಕೆ ಹೋಯಿತು. ಹಿಂದಿನ ದಿಮ್ಮಿಯ ಮೇಲೆ 2217 ಎಂದಿತ್ತು. ಎರಡು ಎಂಬ ಅಂಕಿಯ ಬಾಲ ಚೇಳಿನ ಕೊಂಡಿಯ ಹಾಗೆ ಮೇಲಕ್ಕೆ ಸುತ್ತಿತ್ತು.

ನಡುಮನೆಗೆ ಓಡಿದೆ. ಪಟದ ಕೆಳಗಿನ 1922ರ ಕೊನೆಯ ಎರಡೂ ಅಂಕಿಗೆ ಅದೇ ಕೊಂಡಿ.

ಆ ಮನುಷ್ಯನ ಕೈಬರಹ ನಮ್ಮ ಕಿಟಕಿಯ ಮುಂದೆಯೇ ಎಷ್ಟು ವರ್ಷದಿಂದ ಹೋಗುತ್ತಿತ್ತೋ. ಅಜ್ಜಿಗೆ ಓದು ಬರುತ್ತಿರಲಿಲ್ಲ. ನಾನು ಓದು ಬಂದೂ ನೋಡಿರಲಿಲ್ಲ.

ನನ್ನ ಅಕ್ಕ ಶಂಕ್ರೆವ್ವನ ಗಂಡ ಮುದಕಪ್ಪ ಮಾಮಾ ದಾಂಡೇಲಿಯ ಕಾಗದದ ಕಾರ್ಖಾನೆಯಲ್ಲಿ ಕೆಲಸಕ್ಕಿದ್ದ. ಅಕ್ಕನಿಗೆ ಎರಡನೆಯ ಹೆರಿಗೆಯಾಗಿ ಹತ್ತು ದಿನವಾಗಿತ್ತು. ‘ಬಾಣಂತಿ ಒಬ್ಬಾಕೀನ, ನಾ ಹೋಗಿ ಎಂಟು ದಿನ ಇದ್ದು ಬರ್ತೇನಿ’ ಎಂದು ಅಪ್ಪನನ್ನು ಕಾಡಿದೆ. ಮಾಮಾನೇ ಕರೆಯಲು ಬರಲಿ ಎಂದು ಅಪ್ಪ ಒಪ್ಪಿದ. ಬಸ್ಸಿನಲ್ಲಿ ಕಾಡು ನೋಡಬೇಕೆಂದುಕೊಂಡಿದ್ದೆ. ಅಜ್ಜಿಯ ಉಸಿರೇ ಕಿವಿಯಲ್ಲಿತ್ತು, ಏನೂ ನೋಡಲಿಲ್ಲ.

ದಾಂಡೇಲಿಯಲ್ಲೂ ಗೋಡೆಗಳೇ. ಒಂದೇ ಅಳತೆಯ ಮನೆಗಳ ಸಾಲು, ಕಾರ್ಖಾನೆಯ ಭೋಂಗಾ ಊದಿದರೆ ಎಲ್ಲರೂ ಏಳಬೇಕು, ಭೋಂಗಾ ಊದಿದರೆ ಉಣ್ಣಬೇಕು. ಮಾಮಾನಿಗೆ ವಿಷಯ ಹೇಳಿದೆ. ಅವನು ಮೊದಲು ನಕ್ಕ.

“ಊರ ಹುಡುಗ್ಯಾರ್ನ ನೋಡಾಕ ಮಂದಿ ಬರ್ತಾರ. ನಮ್ಮ ತಾಯವ್ವ ನೋಡು, ಕಟ್ಟಿಗಿ ನೋಡಾಕ ಹೊಂಟಾಳ!”

“ನಗಬ್ಯಾಡೋ ಮಾಮಾ. ಅಜ್ಜಿ ಇರೂತನಕ ಅಷ್ಟ ಟೈಮ್ ಐತಿ.”

ನಗು ನಿಂತಿತು. ಭಾನುವಾರ ನನ್ನನ್ನು ಕಟ್ಟಿಗೆ ಡಿಪೋಗೆ ಕರೆದುಕೊಂಡು ಹೋದ. ಓಣಿಯ ಹಾಗೆ ಸಾಲು ಸಾಲು ದಿಮ್ಮಿಗಳು, ಅವುಗಳ ನಡುವೆ ನಡೆದರೆ ಆಕಾಶ ಒಂದು ಪಟ್ಟಿಯಷ್ಟೇ ಕಾಣುತ್ತಿತ್ತು. ಕೊನೆಯ ಸಾಲಿನಲ್ಲಿ ಒಬ್ಬ ಮುದುಕ ಕುಕ್ಕುರುಗಾಲಲ್ಲಿ ಕೂತು, ಡಬ್ಬಿಯಲ್ಲಿ ಕುಂಚ ಅದ್ದಿ ಅಂಕಿ ಬರೆಯುತ್ತಿದ್ದ. ಎರಡರ ಅಂಕಿ ಬರೆದು ಅದರ ಬಾಲ ಮೇಲಕ್ಕೆ ಸುತ್ತಿದ.

“ದ್ಯಾಮಪ್ಪನವರ?” ಅಂದೆ.

“ಹೌದವ್ವ. ಯಾರು ನೀವು?”

“ಹಳಿಯಾಳದಾಕಿ. ಹೊಳೆವ್ವನ ಮೊಮ್ಮಗಳು.”

ಅವನು ಅಂಕಿ ಪೂರ್ತಿ ಮಾಡಲಿಲ್ಲ. ಕುಂಚದಿಂದ ಬಣ್ಣ ತೊಟ್ಟಿಕ್ಕಿ ಅವನ ಹೆಬ್ಬೆರಳಿನ ಮೇಲೆ ಬಿತ್ತು.

“ಅದಾಳೇನು?”

“ಅದಾಳ್ರಿ. ಬಾಳ ದಿನ ಇರಂಗಿಲ್ಲ.”

ಅವನು ದಿಮ್ಮಿಗೆ ಬೆನ್ನು ಕೊಟ್ಟು ಕೂತ. ತಾನಾಗಿಯೇ ಹೇಳುತ್ತ ಹೋದ. ಹುಡುಗನಿದ್ದಾಗ ಊರೂರು ತಿರುಗುವ ಒಂದು ನಾಟಕದ ಕಂಪನಿಯಲ್ಲಿ ಪರದೆ ಬರೆಯುತ್ತಿದ್ದನಂತೆ. ಒಂದು ಅರಮನೆ, ಒಂದು ಅಡವಿ, ಒಂದು ಬೀದಿ, ಅವೇ ಮೂರು. ಮುಖ ಬರೆಯಬೇಕೆಂಬ ಹುಚ್ಚು ಹಿಡಿದು ಕಂಪನಿ ಬಿಟ್ಟ. ಹಳಿಯಾಳದ ಪಟ ಅವನ ಮೊದಲನೆಯದು.

“ಅದನ್ನ ನೋಡಿದ ಮಂದಿ ‘ಫೋಟೋ ಇಲ್ಲದ ಸತ್ತವರನ್ನ ಬರೀತಾನಪ್ಪ ಅಂವ’ ಅಂತ ಹೆಸರು ಹಬ್ಬಿಸಿದ್ರು. ಆಮ್ಯಾಲ ಎಲ್ಲರೂ ಅದಕ್ಕ ಕರಿಯಾವ್ರು. ಅಕ್ಕ ಸತ್ರ ತಂಗೀನ ಕೂಡಸ್ತಿದ್ರು, ಅತ್ತಿ ಸತ್ರ ಸೊಸೀನ. ಮೂವತ್ತೊಂದು ಮುಖ ಬರದೇನವ್ವ. ಒಂದಕ್ಕೂ ಅದರ ಹೆಸರಿಲ್ಲ.”

“ನಿಲ್ಲಿಸಿದ್ದು ಯಾಕ್ರಿ?” ಮಾಮಾ ಕೇಳಿದ.

“ಒಂದೂರಾಗ ಅಕ್ಕನ ಸಲುವಾಗಿ ಕೂತ ಹುಡುಗಿ ಆರ ತಿಂಗಳಿಗೆ ಹ್ವಾದ್ಲು. ಜ್ವರಕ್ಕ. ‘ಕಣ್ಣಾಗಿನ ಜೀವ ಕುಂಚಕ್ಕ ಹತ್ತಿಸಿಕೊಂಡು ಹ್ವಾದಾ’ ಅಂದ್ರು. ಬಣ್ಣದ ಪೆಟಗಿ ಒಡದು ಊರ ಹೊರಗ ಹಾಕಿದ್ರು.” ಅವನು ಹೆಬ್ಬೆರಳಿನ ಬಣ್ಣ ಉಜ್ಜಿದ. “ಕ್ಯಾಸಲ್‌ರಾಕಿಗೆ ಹೋದೆ. ರೈಲು ಹಾದಿ ಕಲ್ಲಿಗೆ ಸುಣ್ಣ ಹಚ್ಚಿ ಅಂಕಿ ಬರದೆ. ಈಗ ಈ ಕಟ್ಟಿಗಿ. ಇವಕ್ಕ ಕಣ್ಣಿಲ್ಲ ನೋಡವ್ವ. ರಾತ್ರಿ ನಿದ್ದಿ ಬರತೈತಿ.”

“ಹಳಿಯಾಳಕ್ಕ ತಿರುಗಿ ಯಾಕ ಬರಲಿಲ್ಲ?”

“ಬಂದಿದ್ದೆ. ನಿಮ್ಮಜ್ಜ ಬಾಗಲದಾಗ ನಿಂತು, ‘ನಮ್ಮಾಕಿ ಹೆಂಗದಾಳ ಹಂಗ ಇರ್ಲಿ, ಕೈ ಹಚ್ಚಬ್ಯಾಡ’ ಅಂದ್ರು. ಇನ್ನೊಮ್ಮಿ ಬಂದು ರಸ್ತಾದಾಗ ನಿಂತು ನೋಡಿ ಹೋದೆ. ಕಿಟಕ್ಯಾಗ ಯಾರೋ ನಿಂತಿದ್ರು. ಆಕೀನ ಇರಬೇಕು.” ತಲೆ ಅಲ್ಲಾಡಿಸಿದ. “ಈಗ ನನ್ನ ಕೈಗೆ ಅಕ್ಷರ ಬರೂದಿಲ್ಲವ್ವ. ಅಂಕಿ ಅಷ್ಟ.”

“ನಿಮ್ಮ ಕೈಲೇ ಬರಸ್ತೇನಿ ಅಂತ ಅಜ್ಜಿಗೆ ಮಾತು ಕೊಟ್ಟೇನ್ರಿ.”

“ನಾನೂ ಕೊಟ್ಟಿದ್ದೆ,” ಅಂದ ಮುದುಕ.

ಎಂಟು ದಿನವಾದ ಮೇಲೆ ಊರಿಗೆ ಮರಳಿ ಅಪ್ಪನಿಗೆ ಅರ್ಧ ಸತ್ಯ ಹೇಳಿದೆ. ಪಟದ ಬಣ್ಣ ಬಿರುಕು ಬಿಟ್ಟಿದೆ, ಬರೆದವನೇ ದಾಂಡೇಲಿಯಲ್ಲಿ ಸಿಕ್ಕಿದ್ದಾನೆ, ಕರೆಸಿದರೆ ಸರಿ ಮಾಡುತ್ತಾನೆ ಎಂದು. ಅಪ್ಪನ ಮುಖ ಹುಡುಗನ ಮುಖದ ಹಾಗಾಯಿತು. “ನಮ್ಮವ್ವನ್ನ ಬರದಾವ್ರು? ಪೂಜಾಕ್ಕ ಮೊದಲ ಕರಸೂಣು!” ಒಬ್ಬಳನ್ನು ಹೊರಗೆ ಕರೆಯಬೇಕಾದರೆ ಇನ್ನೊಬ್ಬನ ತಾಯಿಯನ್ನು ಕಸಿಯಬೇಕು. ನಡುವೆ ನಾನು.

ಮುಂದಿನ ಸೋಮವಾರ ಮಧ್ಯಾಹ್ನ ಮುದಕಪ್ಪ ಮಾಮಾ ಅವನನ್ನು ಕರೆತಂದ. ಒಗೆದ ಧೋತರ, ಕೈಯಲ್ಲಿ ತಗಡಿನ ಪೆಟ್ಟಿಗೆ. ಅಜ್ಜಿಯನ್ನು ಹೊರಸಿನ ಸಮೇತ ನಡುಮನೆಗೆ ತಂದಿದ್ದೆವು. ಅಪ್ಪ “ಬರ್ರಿ, ಕೂಡ್ರಿ” ಎಂದು ಕಂಬಳಿ ಹಾಸಿ, ಪಟ ಇಳಿಸಿ ಗೋಡೆಗೆ ಆನಿಸಿದ.

ದ್ಯಾಮಪ್ಪ ಪಟ ನೋಡಲಿಲ್ಲ. ಹೊರಸಿನ ಕಡೆ ನೋಡಿದ.

“ಬಂದ್ರಿ?” ಅಂದಳು ಅಜ್ಜಿ.

“ಬಂದ್ನಿರಿ. ತಡಾ ಆತು.”

“ನಲವತ್ತೆರಡು ವರ್ಷ. ಬಸ್ ತಪ್ಪಿತ್ತೇನು?”

ಅಪ್ಪ ಇಬ್ಬರನ್ನೂ ನೋಡಿದ. “ಚಿಗವ್ವ, ಇವರು ನಿಂಗ ಗುರ್ತೇನು?”

ಅಜ್ಜಿ ನನ್ನನ್ನು ನೋಡಿದಳು. ಅವಳೇ ಹೇಳಿದಳು: “ಚನಬಸು, ಹಾರ ತಗಿ.”

“ಹಾರ?”

“ತಗಿ.”

ಅಪ್ಪ ಹಾರ ತೆಗೆದ. ಅಜ್ಜಿ ಕಡಗ ಮೇಲೆ ಸರಿಸಿ ಎಡಗೈಯನ್ನು ಹೊರಸಿನ ಅಂಚಿನ ಮೇಲೆ ಇಟ್ಟಳು. ಅಪ್ಪ ಪಟದ ಕೈ ನೋಡಿದ, ಈ ಕೈ ನೋಡಿದ. ಮತ್ತೆ ಪಟದ ಕೈ ನೋಡಿದ.

“ಇವರನ್ನ ಕೂಡಿಸಿ ಬರದೇನ್ರಿ,” ಅಂದ ದ್ಯಾಮಪ್ಪ. “ನಿಮ್ಮ ತಾಯೀನ್ನ ನಾ ನೋಡಿಲ್ಲ.”

“ಮತ್ತ ನಾ ಇಷ್ಟ ವರ್ಷ ಯಾರಿಗೆ ಕೈ ಮುಗದೆ?” ಅಪ್ಪ ಹಾರ ನೆಲಕ್ಕಿಟ್ಟ. “ಎಲ್ಲಾರೂ ಕೂಡಿ ನನಗ… ಬಾಯಿ ಇರಲಿಲ್ಲೇನು ನಿಂಗ, ಚಿಗವ್ವ?”

ಅಪ್ಪ ಎದ್ದು ಪಡಸಾಲೆಗೆ ಹೋಗಿ ನಡುಬಾಗಿಲು ಎಳೆದುಕೊಂಡ. ನಾವು ನಾಲ್ವರೂ ಮುಚ್ಚಿದ ಬಾಗಿಲ ಈಚೆ ಉಳಿದೆವು. ಚಹಾ ಲೋಟ ಹಿಡಿದು ಅಡುಗೆಮನೆಯಿಂದ ಬಂದ ಅವ್ವ ಅಲ್ಲೇ ನಿಂತಳು. ಅಜ್ಜಿಯ ಉಸಿರು ಗರಗರ ಅನ್ನುತ್ತಿತ್ತು. ಹೊರಗೆ ಒಂದು ಲಾರಿ ಹೋಯಿತು. ದ್ಯಾಮಪ್ಪ ಪೆಟ್ಟಿಗೆ ತೆರೆಯಲಿಲ್ಲ, ಏಳಲೂ ಇಲ್ಲ. ಇಷ್ಟೇ, ಇಲ್ಲಿಗೆ ಮುಗಿಯಿತು, ಇನ್ನೂ ಅಲ್ಲೇ ಅದಾಳ ಅಂದುಕೊಂಡೆ.

ಬಾಗಿಲು ತೆರೆಯುವಾಗ ಲೋಟದ ಚಹಾ ಆರಿ ಕೆನೆ ಕಟ್ಟಿತ್ತು. ಅಪ್ಪ ಬಂದು ಹೊರಸಿನ ಪಕ್ಕ ನೆಲದ ಮೇಲೆ ಕೂತ.

“ನಮ್ಮವ್ವ ಹೆಂಗಿದ್ಲು?” ಅಂದ. “ನೀ ನೋಡೀಯೇನು?”

“ನೋಡೇನಿ. ಆಕೀ ಮದುವ್ಯಾಗ. ನಾ ಸಣ್ಣಾಕಿ, ಆಕೀ ಸೆರಗು ಹಿಡಕೊಂಡು ತಿರಗ್ತಿದ್ದೆ.” ಅಜ್ಜಿ ನಿಂತು ನಿಂತು ಹೇಳಿದಳು. “ಕಪ್ಪಗಿದ್ಲು, ಪಟದಷ್ಟು ಬೆಳ್ಳಗಿಲ್ಲ. ನಕ್ರ ಕೈಲೆ ಬಾಯಿ ಮುಚ್ಕೋತಿದ್ಲು, ಒಂದು ಹಲ್ಲು ಮುಂದಿತ್ತು. ಕಿವಿ ದೊಡ್ಡವು. ನಿನ್ನ ಕಿವಿ ಆಕೀವು.”

ಅಪ್ಪ ತನಗೇ ತಿಳಿಯದೆ ಕಿವಿ ಮುಟ್ಟಿಕೊಂಡ. ಆಮೇಲೆ ಬಹಳ ಹೊತ್ತು ಕೈ ಅಲ್ಲೇ ಇತ್ತು.

“ಬರೀರಿ,” ಅಂದ ಕಡೆಗೆ. “ಆ ಹೆಸರು ಅಳಿಸಿ ಇಕೀದು ಬರೀರಿ.”

“ಅಳಿಸಬ್ಯಾಡ್ರಿ,” ಅಂದಳು ಅಜ್ಜಿ. “ಇಷ್ಟ ವರ್ಷ ನನ್ನ ಮುಖದಾಗ ಇದ್ದಾಳ. ಈಗೆಲ್ಲಿ ಹೋಗಬೇಕು ಆಕಿ? ಕೆಳಗ ಜಾಗ ಐತಲ್ಲ, ಅಲ್ಲಿ ಬರೀರಿ.”

ದ್ಯಾಮಪ್ಪ ಪೆಟ್ಟಿಗೆ ತೆರೆದ. ಪಡಸಾಲೆಗೆ ಹೋಗಿ ಒಂದು ಖಾಲಿ ಅಕ್ಕಿ ಚೀಲದ ಮೇಲೆ ಮೊದಲು ಬರೆದು ನೋಡಿದ. ಮೊದಲ ಅಕ್ಷರ ಸೊಟ್ಟಗಾಯಿತು. ಮೂರನೆಯ ಸಲ ಕೈ ಕೂತಿತು. ಬಂದು ಪಟದ ಮುಂದೆ ಮಂಡಿಯೂರಿದ. ಅಪ್ಪ ಚೌಕಟ್ಟು ಅಲುಗಾಡದಂತೆ ಎರಡೂ ಕೈಯಲ್ಲಿ ಹಿಡಿದ. ಕುಂಚ ಒಂದೊಂದೇ ಅಕ್ಷರ ಇಳಿಸುತ್ತ ಹೋಯಿತು, ಕಡೆಯ ಅಕ್ಷರದ ಬಾಲ ಚೇಳಿನ ಕೊಂಡಿಯ ಹಾಗೆ ಮೇಲಕ್ಕೆ ಸುತ್ತಿ ನಿಂತಿತು.

“ಓದು ತಾಯಿ,” ಅಂದಳು ಅಜ್ಜಿ.

“ಹೊಳೆವ್ವ,” ಎಂದು ಓದಿದೆ.

“ಇನ್ನೊಮ್ಮಿ.”

ಇನ್ನೊಮ್ಮೆ ಓದಿದೆ. ಹಸಿ ಬಣ್ಣ ತಾಗದ ಹಾಗೆ ದ್ಯಾಮಪ್ಪ ಪಟವನ್ನು ಮೆಲ್ಲಗೆ ತಿರುಗಿಸಿದ. ಪೆಟ್ಟಿಗೆಯಿಂದ ಸಣ್ಣ ಚಾಕು ತೆಗೆದು, ಹಿಂದಿನ ಹಲಗೆಯ ಮೇಲಿದ್ದ ‘ಹೆಸರು ಬಾಕಿ’ ಎಂಬ ಎರಡು ಮಾತನ್ನು, ಬಿಳಿ ಪುಡಿ ನೆಲಕ್ಕೆ ಉದುರುವಂತೆ, ಪೂರ್ತಿ ಕೆರೆದು ತೆಗೆದ.